ವಕೀಲರು ಜಾಹೀರಾತು ಕೊಡುವಂತಿಲ್ಲ, ಬರೆಯಬಹುದೇ?

ಮುಂಬೈಯ ಯಾವುದಾದರೂ ದೊಡ್ಡ ವಕೀಲಿ ಸಂಸ್ಥೆಯ ಜಾಲತಾಣ ತೆರೆಯಿರಿ. ಬಹಳಷ್ಟು ಕಡೆ ಮೊದಲು ಎದುರಾಗುವುದು ಒಂದು ಪೆಟ್ಟಿಗೆ. ‘ನಾನು ಸ್ವಂತ ಇಚ್ಛೆಯಿಂದ ಇಲ್ಲಿಗೆ ಬಂದಿದ್ದೇನೆ, ಈ ಸಂಸ್ಥೆಯವರು ನನ್ನನ್ನು ಕರೆದಿಲ್ಲ, ಇಲ್ಲಿರುವುದು ಕಾನೂನು ಸಲಹೆಯಲ್ಲ’ ಎಂಬ ಅರ್ಥದ ನಾಲ್ಕಾರು ಸಾಲು, ಕೆಳಗೆ ‘ಒಪ್ಪುತ್ತೇನೆ’ ಎಂಬ ಗುಂಡಿ. ಒತ್ತಿದರೆ ಮಾತ್ರ ಒಳಗೆ ಪ್ರವೇಶ. ಬಟ್ಟೆಯಂಗಡಿ, ಬ್ಯಾಂಕು, ವಿಮಾ ಕಂಪನಿ ಯಾವುದೂ ಬಂದವರಿಂದ ಹೀಗೆ ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲ. ಅವರಿಗೆಲ್ಲ ಗಿರಾಕಿಯನ್ನು ಕರೆಯುವುದೇ ಕಸುಬು. ವಕೀಲರಿಗೆ ಕರೆಯುವುದೇ ಅಪರಾಧ.

ಆದರೂ ಅದೇ ಜಾಲತಾಣದ ಒಳಗೆ ಹೋದರೆ ರಾಶಿ ರಾಶಿ ಲೇಖನಗಳಿರುತ್ತವೆ. ಹೊಸ ಕಾಯ್ದೆಯ ಬಗ್ಗೆ, ಸುಪ್ರೀಂ ಕೋರ್ಟಿನ ಕಳೆದ ವಾರದ ತೀರ್ಪಿನ ಬಗ್ಗೆ, ವಸತಿ ಸೊಸೈಟಿಯ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪುನರಭಿವೃದ್ಧಿಯ ಬಗ್ಗೆ. ಇದಕ್ಕೆ ಮಾರುಕಟ್ಟೆಯವರು ಇಟ್ಟ ಹೆಸರು ಕಂಟೆಂಟ್ ಮಾರ್ಕೆಟಿಂಗ್. ಸರಕನ್ನು ಹೊಗಳುವ ಬದಲು ಜನರಿಗೆ ಬೇಕಾದ ತಿಳಿವಳಿಕೆ ಕೊಡುವುದು, ಆ ಮೂಲಕ ನಂಬಿಕೆ ಗಳಿಸುವುದು, ಕೆಲಸ ಬಿದ್ದಾಗ ಅವರಿಗೆ ನಿಮ್ಮದೇ ಹೆಸರು ನೆನಪಾಗುವಂತೆ ಮಾಡುವುದು ಇದರ ತಿರುಳು. ಕುಕ್ಕರ್ ಕಂಪನಿ ಅಡುಗೆ ಪುಸ್ತಕ ಹಂಚಿದ ಹಾಗೆ. ಜಾಹೀರಾತೇ ನಿಷಿದ್ಧವಾದ ವೃತ್ತಿಯಲ್ಲಿ ಇದು ಹೇಗೆ ಸಾಧ್ಯ, ಎಲ್ಲಿಯವರೆಗೆ ಸಾಧ್ಯ ಎಂಬುದನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ. ಮುಂಬೈಯಲ್ಲಿ ವಕಾಲತ್ತು ಮಾಡುತ್ತಿರುವ ಕನ್ನಡಿಗರು ಕಡಿಮೆಯೇನಿಲ್ಲ. ಅವರಲ್ಲಿ ಅನೇಕರು ಈ ವಿಷಯದಲ್ಲಿ ಒಂದೋ ಹೆದರಿ ಸುಮ್ಮನಿರುತ್ತಾರೆ, ಇಲ್ಲವೇ ಹೆದರಬೇಕಾದ ಕಡೆಯಲ್ಲೇ ಧಾರಾಳವಾಗಿ ನುಗ್ಗುತ್ತಾರೆ.

1961ರ ವಕೀಲರ ಕಾಯ್ದೆಯ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮಗಳನ್ನು ರಚಿಸಿದೆ. ಅವುಗಳಲ್ಲಿ 36ನೆಯದು ನಮ್ಮ ಕಥೆಯ ಕೇಂದ್ರ. ವಕೀಲರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸ ಕೇಳಬಾರದು, ಜಾಹೀರಾತು ಕೊಡಬಾರದು. ಸುತ್ತೋಲೆ, ದಲ್ಲಾಳಿ, ಪರಿಚಯವಿಲ್ಲದವರಿಗೆ ಪತ್ರ, ಪತ್ರಿಕೆಯಲ್ಲಿ ಬರೆಸಿಕೊಳ್ಳುವುದು, ತಾವು ನಡೆಸಿದ ಮೊಕದ್ದಮೆಯ ಜೊತೆ ತಮ್ಮ ಭಾವಚಿತ್ರ ಅಚ್ಚಾಗುವಂತೆ ನೋಡಿಕೊಳ್ಳುವುದು, ಎಲ್ಲವೂ ನಿಷಿದ್ಧ. ನಾಮಫಲಕ ಹದವಾದ ಅಳತೆಯದಾಗಿರಬೇಕು. ಇಂಥ ವಿಷಯದಲ್ಲಿ ಪರಿಣತ ಎಂದೋ, ಮಾಜಿ ನ್ಯಾಯಾಧೀಶ ಎಂದೋ, ಇಂಥ ಸಂಘದ ಅಧ್ಯಕ್ಷ ಎಂದೋ ಅದರ ಮೇಲೆ ಬರೆಯುವಂತಿಲ್ಲ. ಉಲ್ಲಂಘಿಸಿದರೆ ಕಾಯ್ದೆಯ 35ನೇ ಸೆಕ್ಷನ್ ಅಡಿಯಲ್ಲಿ ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಸನದನ್ನು ಅಮಾನತಿನಲ್ಲಿ ಇಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಬಹುದು. ನಮ್ಮ ಕಡೆಯ ರಾಜ್ಯ ಪರಿಷತ್ತು ಎಂದರೆ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತು.

ಇಷ್ಟು ಬಿಗಿ ಏಕೆ ಎಂದು ಕೇಳುವವರಿಗೆ ಮುಂಬೈಯದೇ ಒಂದು ಹಳೆಯ ಪ್ರಕರಣ ಉತ್ತರ ಕೊಡುತ್ತದೆ. ಇಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಬಾಗಿಲಲ್ಲಿ ಕೆಲವು ವಕೀಲರು ಕಾದು ನಿಂತು, ಕಕ್ಷಿದಾರ ಕಣ್ಣಿಗೆ ಬಿದ್ದ ಕೂಡಲೇ ಮುಗಿಬಿದ್ದು, ಕೈಯಲ್ಲಿದ್ದ ಕಾಗದಪತ್ರಗಳನ್ನು ಕಿತ್ತುಕೊಳ್ಳುತ್ತಿದ್ದರು ಎಂಬ ಆರೋಪ ಬಂತು. ದಾಭೋಳ್ಕರ್ ಪ್ರಕರಣವೆಂದು ಹೆಸರಾದ ಇದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1975ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ವಕಾಲತ್ತು ವ್ಯಾಪಾರವಲ್ಲ, ಮೊಕದ್ದಮೆಯ ಕಾಗದಗಳು ಮಾರಾಟದ ಸರಕೂ ಅಲ್ಲ ಎಂಬ ಅರ್ಥದ ಮಾತು ಬರೆದು, ಇಂಥ ನಡತೆ ಈ ವೃತ್ತಿಗೆ ಸಲ್ಲದು ಎಂದರು. ಸ್ವಾರಸ್ಯವೆಂದರೆ, ಆಮೇಲೆ ಎರಡೇ ವರ್ಷಕ್ಕೆ, 1977ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೇಟ್ಸ್ ಪ್ರಕರಣದಲ್ಲಿ ವಕೀಲರಿಗೆ ಜಾಹೀರಾತಿನ ಬಾಗಿಲು ತೆರೆಯಿತು. ವಕೀಲರ ಮಾರ್ಕೆಟಿಂಗ್ ಕುರಿತು ಇಂದು ಸಿಗುವ ಪಾಠಗಳಲ್ಲಿ ಹೆಚ್ಚಿನವು ಆ ದೇಶದವು. ‘ಗೆದ್ದರೆ ಮಾತ್ರ ಫೀಸು’ ಎಂದು ಅಲ್ಲಿ ಹೆದ್ದಾರಿಯ ಬದಿಯಲ್ಲಿ ದೊಡ್ಡ ಫಲಕ ಹಾಕುತ್ತಾರೆ. ಇಲ್ಲಿ ಅದು ಜಾಹೀರಾತಾದದ್ದಕ್ಕೂ ತಪ್ಪು, ತೀರ್ಪಿನ ಫಲಕ್ಕೆ ಫೀಸನ್ನು ಗಂಟು ಹಾಕಿದ್ದಕ್ಕೂ ತಪ್ಪು. ಅದನ್ನು 20ನೇ ನಿಯಮ ಬೇರೆಯಾಗಿಯೇ ತಡೆಯುತ್ತದೆ. ಆ ಪಾಠಗಳನ್ನು ಇಲ್ಲಿಗೆ ಹಾಗೆಯೇ ತಂದರೆ ನೇರ ಶಿಸ್ತು ಸಮಿತಿಯ ಮುಂದೆ ಹೋಗಿ ನಿಲ್ಲಬೇಕಾದೀತು.

ಭಾರತದಲ್ಲಿ ಬಾಗಿಲು ಸ್ವಲ್ಪ ತೆರೆದದ್ದು 2008ರಲ್ಲಿ. ವಿ.ಬಿ. ಜೋಶಿ ಅವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಪ್ರಕರಣದ ಹಿನ್ನೆಲೆಯಲ್ಲಿ ಪರಿಷತ್ತು 36ನೇ ನಿಯಮವನ್ನು ತಿದ್ದಿ, ವಕೀಲರು ಜಾಲತಾಣ ಇಟ್ಟುಕೊಳ್ಳಬಹುದು ಎಂದಿತು. ಅದರಲ್ಲಿ ಏನಿರಬೇಕು ಎಂಬ ಪಟ್ಟಿಯನ್ನೂ ಕೊಟ್ಟಿತು: ಹೆಸರು, ವಿಳಾಸ, ದೂರವಾಣಿ, ಇ-ಮೇಲ್, ನೋಂದಣಿ ಸಂಖ್ಯೆ ಮತ್ತು ದಿನಾಂಕ, ಯಾವ ರಾಜ್ಯದ ಪರಿಷತ್ತು, ವಿದ್ಯಾರ್ಹತೆ, ಕೆಲಸ ಮಾಡುವ ಕ್ಷೇತ್ರಗಳು. ಫಲಕದ ಮೇಲೆ ಪರಿಣತ ಎಂದು ಬರೆಯುವಂತಿಲ್ಲ, ಜಾಲತಾಣದಲ್ಲಿ ಮಾತ್ರ ಕ್ಷೇತ್ರವನ್ನು ಹೇಳಬಹುದು. ಈ ಸೂಕ್ಷ್ಮ ಅನೇಕರಿಗೆ ಗೊತ್ತಿಲ್ಲ. ಇನ್ನು ಮೊದಲು ಹೇಳಿದ ಆ ‘ಒಪ್ಪುತ್ತೇನೆ’ ಪೆಟ್ಟಿಗೆಯ ವಿಚಾರ: 36ನೇ ನಿಯಮದಲ್ಲಿ ಅದರ ಸುದ್ದಿಯೇ ಇಲ್ಲ. ಸಂಸ್ಥೆಗಳು ಒಂದನ್ನೊಂದು ನೋಡಿ ರೂಢಿ ಮಾಡಿಕೊಂಡದ್ದು. ಒಳಗಿರುವ ಬರಹ ಜಾಹೀರಾತೇ ಆಗಿದ್ದರೆ ಬಾಗಿಲಲ್ಲಿ ಇಟ್ಟ ಈ ಪೆಟ್ಟಿಗೆ ಅದನ್ನು ಕಾಪಾಡೀತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಲೇಖನಗಳಿಗೆ ಆಧಾರ ಎಲ್ಲಿದೆ? 36ನೇ ನಿಯಮವನ್ನು ಎಲ್ಲರೂ ಉದ್ಧರಿಸುತ್ತಾರೆ, 51ನೆಯದನ್ನು ಓದಿದವರು ಕಡಿಮೆ. ವಕೀಲರು ಕಾನೂನು ಪಠ್ಯಗಳನ್ನು ಸಂಪಾದಿಸಬಹುದು, ಪರೀಕ್ಷೆಗೆ ಪಾಠ ಹೇಳಬಹುದು, ಮತ್ತು ಜಾಹೀರಾತಿನ ನಿಷೇಧಕ್ಕೆ ಒಳಪಟ್ಟು ಪತ್ರಿಕಾ ಬರಹ, ಪ್ರಸಾರ, ಉಪನ್ಯಾಸ, ಬೋಧನೆಯಲ್ಲಿ ತೊಡಗಬಹುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕಲಿಸಲು ಅನುಮತಿ ಇದೆ, ಕರೆಯಲು ಇಲ್ಲ. ನಮ್ಮಲ್ಲಿ ವಕೀಲರ ಕಂಟೆಂಟ್ ಮಾರ್ಕೆಟಿಂಗ್ ಎಂಬುದು ಈ ಎರಡು ನಿಯಮಗಳ ನಡುವಿನ ಓಣಿಯಲ್ಲಿ ನಡೆಯಬೇಕು. ಓಣಿ ಇಕ್ಕಟ್ಟು ಎಂದು ಗೊಣಗುವವರಿದ್ದಾರೆ. ಒಳ್ಳೆಯ ಬರಹಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟುಪಾಡು ಸಿಗುವುದಿಲ್ಲ ಎಂಬುದು ನನ್ನ ವಾದ. ಏಕೆಂದರೆ ತನ್ನನ್ನು ಹೊಗಳಿಕೊಳ್ಳುವ ದಾರಿ ಮುಚ್ಚಿರುವುದರಿಂದ ವಕೀಲರಿಗೆ ಉಳಿಯುವುದು ಒಂದೇ: ಓದುಗರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡೊಂಬಿವಲಿಯಲ್ಲಿ ಫ್ಲ್ಯಾಟ್ ಇರುವ ಕಾರ್ಕಳದ ಕಡೆಯವರೊಬ್ಬರು ಅದನ್ನು ಹುಬ್ಬಳ್ಳಿಯಿಂದ ಬಂದ ಹುಡುಗನಿಗೆ ಬಾಡಿಗೆಗೆ ಕೊಡುತ್ತಾರೆ ಎಂದುಕೊಳ್ಳಿ. ಇಬ್ಬರೂ ಕನ್ನಡಿಗರು, ನಂಬಿಕಸ್ಥರು. ‘ಹನ್ನೊಂದು ತಿಂಗಳಿಗೆ ಬರೆದರೆ ಆಯಿತು, ನೋಂದಣಿ ಬೇಡ’ ಎಂದು ಸ್ಟಾಂಪ್ ಕಾಗದದ ಮೇಲೆ ಸಹಿ ಹಾಕಿ ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಎಲ್ಲರೂ ಮಾಡುವುದು ಇದನ್ನೇ. ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ; ಹನ್ನೊಂದು ತಿಂಗಳ ಜಾಣತನ ಹುಟ್ಟಿದ್ದು ಅಲ್ಲಿಂದ.

ಈ ವಿಷಯದ ಮೇಲೆ ಒಂದು ವಕೀಲಿ ಕಚೇರಿ ಎರಡು ರೀತಿ ಬರೆಯಬಹುದು. ಮೊದಲನೆಯದು ಹೀಗಿರುತ್ತದೆ: ‘ಬಾಡಿಗೆ ಒಪ್ಪಂದಗಳು ಸಂಕೀರ್ಣ. ನಮ್ಮ ಅನುಭವಿ ತಂಡ ನೂರಾರು ಮಾಲೀಕರಿಗೆ ನೆರವಾಗಿದೆ. ಇಂದೇ ಸಂಪರ್ಕಿಸಿ.’ ಮೂರು ವಾಕ್ಯ, ಮೂರೂ ಜಾಹೀರಾತು, ಓದಿದವನಿಗೆ ದಕ್ಕಿದ್ದು ಸೊನ್ನೆ.

ಎರಡನೆಯದು ಹೀಗಿರಬಹುದು: ‘ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ (ಶುಲ್ಕ ಪಡೆದು ಮನೆಯಲ್ಲಿರಲು ಅನುಮತಿ ಕೊಡುವ) ಒಪ್ಪಂದಕ್ಕೂ ನೋಂದಣಿ ಕಡ್ಡಾಯ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಹಾಗೆ ಹೇಳುತ್ತದೆ. ನೋಂದಾಯಿಸುವ ಹೊಣೆ ಮಾಲೀಕನದು. ಮಾಡದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯವಾದ ಮಾತು: ನೋಂದಾಯಿತ ಕಾಗದ ಇಲ್ಲದಿದ್ದರೆ ಬಾಡಿಗೆ ಎಷ್ಟು, ಷರತ್ತು ಏನು ಎಂಬುದರಲ್ಲಿ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಸುಳ್ಳೆಂದು ಮಾಲೀಕ ಸಾಬೀತು ಮಾಡುವವರೆಗೆ. ಕಾಗದ ಸರಿಯಾಗಿದ್ದು, ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ, 24ನೇ ಸೆಕ್ಷನ್ ಅಡಿ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಿ ಮನೆಯನ್ನು ಮರಳಿ ಪಡೆಯಬಹುದು. ಹಾಗೆ ಕೂತವನು ಒಪ್ಪಿದ ಶುಲ್ಕದ ಎರಡು ಪಟ್ಟು ಹಣ ತೆರಬೇಕಾಗುತ್ತದೆ. ನೋಂದಣಿಯನ್ನು ಆನ್‌ಲೈನಿನಲ್ಲಿಯೂ ಮಾಡಬಹುದು.’

ಇದರಲ್ಲಿ ಕಚೇರಿಯ ಹೆಸರು ಒಮ್ಮೆಯೂ ಬಂದಿಲ್ಲ. ಡೊಂಬಿವಲಿಯ ಮಾಲೀಕ ಇದನ್ನು ಓದಿ ವಕೀಲರ ಹತ್ತಿರ ಹೋಗದೆಯೇ ನೋಂದಣಿ ಮಾಡಿಸಿಕೊಳ್ಳಬಹುದು. ಹೀಗೆ ಎಲ್ಲವನ್ನೂ ಪುಕ್ಕಟೆ ಹೇಳಿಬಿಟ್ಟರೆ ಕಕ್ಷಿದಾರ ಬರುವುದೇಕೆ ಎಂದು ಹಿರಿಯ ವಕೀಲರು ಕೇಳುವುದುಂಟು. ಲೆಕ್ಕ ಹಾಕಿ ನೋಡಿ: ಕೇವಲ ಒಪ್ಪಂದ ಬರೆಸಲು ಬರುವವರಿಂದ ಕಚೇರಿಗೆ ದೊಡ್ಡ ಆದಾಯವೇನಿಲ್ಲ. ನಾಳೆ ಅದೇ ಮಾಲೀಕನ ಕಟ್ಟಡ ಪುನರಭಿವೃದ್ಧಿಗೆ ಹೋಗುತ್ತದೆ, ಬಿಲ್ಡರ್ ಕೊಟ್ಟ ಕರಡು ಒಪ್ಪಂದ ಕೈಗೆ ಬರುತ್ತದೆ, ಸೊಸೈಟಿಯ ಸಭೆಯಲ್ಲಿ ಜಗಳವಾಗುತ್ತದೆ. ಆಗ ಲೇಖನ ಓದಿ ತಾನೇ ಬಗೆಹರಿಸಿಕೊಳ್ಳಲು ಆಗುವುದಿಲ್ಲ. ಒಮ್ಮೆ ಸರಿಯಾದ ಮಾತು ಹೇಳಿದವರ ಹೆಸರನ್ನು ಆಗ ಹುಡುಕುತ್ತಾನೆ. ತಾನಾಗಿ ಹುಡುಕಿಕೊಂಡು ಬಂದವನು 36ನೇ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.

ಈ ಉದಾಹರಣೆಯನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಕಾನೂನಿನ ಬರಹ ಸಿಕ್ಕರೂ ಅದು ಬಹುಪಾಲು ಕರ್ನಾಟಕದ್ದು. ಮುಂಬೈಯ ಕನ್ನಡಿಗ ಮೊಬೈಲಿನಲ್ಲಿ ಕನ್ನಡದಲ್ಲಿ ‘ಬಾಡಿಗೆ ಕರಾರು ನೋಂದಣಿ’ ಎಂದು ಹುಡುಕಿದರೆ ಸಿಗುವುದು ಬೆಂಗಳೂರಿನ ಉತ್ತರ. ಅಲ್ಲಿ ಸರಿ, ಇಲ್ಲಿ ತಪ್ಪು. ಪಹಣಿಯ ಬಗ್ಗೆ ಪುಟಗಟ್ಟಲೆ ಇದೆ, ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಅಪರೂಪ. ಪಗಡಿ ಪದ್ಧತಿಯ (ಮೊದಲೇ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ ಇರುವ) ಮನೆ, ಸೊಸೈಟಿಯ ಷೇರು ಪ್ರಮಾಣಪತ್ರ, ಬಿಲ್ಡರ್ ಕೈಕೊಟ್ಟಾಗ ಜಾಗದ ಒಡೆತನವನ್ನು ಸೊಸೈಟಿಯ ಹೆಸರಿಗೆ ಪಡೆಯುವ ಡೀಮ್ಡ್ ಕನ್ವೇಯನ್ಸ್ ಇವೆಲ್ಲ ಇಲ್ಲಿಯ ಕನ್ನಡಿಗರ ದಿನನಿತ್ಯದ ಗೋಳು. ಇವುಗಳ ಬಗ್ಗೆ ಮರಾಠಿ, ಗುಜರಾತಿ, ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಆಸ್ತಿ ಹಂಚಲು ಕೂತ ಹಿರಿಯರಿಗೆ ಮಾತ್ರ ಕನ್ನಡವೇ ಬೇಕು. ಮಾರುಕಟ್ಟೆಯ ಭಾಷೆಯಲ್ಲಿ ಹೇಳುವುದಾದರೆ ಸ್ಪರ್ಧೆ ಇಲ್ಲದ ಜಾಗ ಇದು.

ಗೂಗಲ್ ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಣ, ಆರೋಗ್ಯ, ಸುರಕ್ಷತೆಗೆ ತಗಲುವ ವಿಷಯಗಳ ಬರಹವನ್ನು ಅದು ಹೆಚ್ಚು ಕಟ್ಟುನಿಟ್ಟಾಗಿ ತೂಗುತ್ತದೆ, ಕಾನೂನೂ ಅದರಲ್ಲಿ ಸೇರುತ್ತದೆ. ಬರೆದವರು ಯಾರು, ಅವರಿಗೆ ಆ ವಿಷಯದ ನೇರ ಅನುಭವ ಇದೆಯೇ ಎಂಬುದನ್ನು ಅದರ ಮಾರ್ಗಸೂಚಿ ಕೇಳುತ್ತದೆ. ಆದ್ದರಿಂದ ಲೇಖನದ ಕೆಳಗೆ ವಕೀಲರ ಹೆಸರು ಇರಬೇಕು, ಬರೆದ ತಾರೀಕು ಇರಬೇಕು, ತಿದ್ದಿದ ತಾರೀಕೂ ಇರಬೇಕು. ಉಳಿದ ತಾಂತ್ರಿಕ ಕಸರತ್ತುಗಳನ್ನು ಮಾರುವವರು ಮಾರಿಕೊಳ್ಳಲಿ.

ತಾರೀಕಿನ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಕಾಯ್ದೆಗಳು ಬಂದವು. ವಂಚನೆಗೆ 420 ಎಂದು ಬರೆದ ಲೇಖನಗಳು ಇನ್ನೂ ಎಷ್ಟೋ ಕಡೆ ಹಾಗೆಯೇ ಇವೆ, ಅದೀಗ ಭಾರತೀಯ ನ್ಯಾಯ ಸಂಹಿತೆಯ 318. ಚೆಕ್ ಬೌನ್ಸಿಗೆ ಮಾತ್ರ ಹಳೆಯ 138ನೇ ಸೆಕ್ಷನ್ನೇ, ಅದು ಬೇರೆ ಕಾಯ್ದೆಯದು. ಹಳಸಿದ ಕಾನೂನು ಲೇಖನ ಓದುಗನನ್ನು ದಾರಿ ತಪ್ಪಿಸುತ್ತದೆ, ಬರೆದ ವಕೀಲರ ಮರ್ಯಾದೆಯನ್ನೂ ತೆಗೆಯುತ್ತದೆ. ವರ್ಷಕ್ಕೆ ಐವತ್ತು ಲೇಖನ ಹಾಕಿ ಮರೆಯುವುದಕ್ಕಿಂತ ಹತ್ತನ್ನು ಬರೆದು ಅವನ್ನೇ ತಿದ್ದುತ್ತಾ ಇರುವುದು ಲೇಸು. ಯಂತ್ರಕ್ಕೆ ಹೇಳಿ ಬರೆಸುವವರಿಗೂ ಒಂದು ಎಚ್ಚರಿಕೆ: 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದೆ ಇಟ್ಟು 5,000 ಡಾಲರ್ ದಂಡ ತೆತ್ತರು. ಲೇಖನದಲ್ಲಿ ಅಂಥ ತೀರ್ಪು ನುಸುಳಿದರೆ ಹಿಡಿಯುವ ನ್ಯಾಯಾಧೀಶರೂ ಇರುವುದಿಲ್ಲ.

ಈಗ ಕಾಲು ಜಾರುವ ಜಾಗಗಳು. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್, ಸುಲೇಖಾ, ಜಸ್ಟ್‌ಡಯಲ್, ಕ್ವಿಕರ್‌ನಂಥ ತಾಣಗಳ ಮೂಲಕ ಕೆಲಸ ಗಿಟ್ಟಿಸುವ ವಕೀಲರ ಮೇಲೆ ಕ್ರಮ ಕೈಗೊಳ್ಳುವಂತೆ ಪರಿಷತ್ತಿಗೆ ಸೂಚಿಸಿತು. 2025ರ ಮಾರ್ಚಿನಲ್ಲಿ ಪರಿಷತ್ತು, ಸಿನಿಮಾ ನಟರನ್ನೂ ಸಾಮಾಜಿಕ ಮಾಧ್ಯಮದ ಪ್ರಭಾವಿಗಳನ್ನೂ ಬಳಸಿ ಪ್ರಚಾರ ಮಾಡುವುದನ್ನು ಖಂಡಿಸಿ ಎಚ್ಚರಿಕೆ ಕೊಟ್ಟಿತು. ದುಡ್ಡು ಕೊಟ್ಟರೆ ‘ಕಕ್ಷಿದಾರರ ಪಟ್ಟಿ’ ಒದಗಿಸುತ್ತೇವೆ ಎಂದು ಫೋನು ಮಾಡುವ ಕಂಪನಿಗಳಿವೆಯಲ್ಲ, ಅವು ಕೋರ್ಟಿನ ಬಾಗಿಲಲ್ಲಿ ನಿಲ್ಲುತ್ತಿದ್ದ ದಲ್ಲಾಳಿಯ ಮೊಬೈಲ್ ಅವತಾರ ಎಂದೇ ನನ್ನ ಅಭಿಪ್ರಾಯ. ‘ಈ ವಾರ ಗೆದ್ದ ಮೊಕದ್ದಮೆ’ ಎಂದು ಭಾವಚಿತ್ರ ಸಮೇತ ಹಾಕುವುದು ನಿಯಮ ಹೆಸರು ಹಿಡಿದು ಬೇಡವೆಂದದ್ದು. ಅದರ ಜೊತೆಗೆ ಕಕ್ಷಿದಾರನ ಗುಟ್ಟು ಕಾಯುವ ಹೊಣೆಯೂ ಇದೆ. ಹೆಸರು ಮರೆಸಿ ಬರೆದರೂ ‘ಚೆಂಬೂರಿನ ಹೋಟೆಲ್ ಉದ್ಯಮಿ, ಮೂವರು ಅಣ್ಣತಮ್ಮಂದಿರ ಪಾಲುಗಾರಿಕೆ ಒಡೆದದ್ದು’ ಎಂದರೆ ನಮ್ಮ ಜನರ ನಡುವೆ ಗುರುತು ಹಿಡಿಯಲು ಅರ್ಧ ಗಂಟೆ ಸಾಕು.

ನಮ್ಮ ಸಮಾಜದ ವಿಷಯ ಬಂದದ್ದರಿಂದ ಇನ್ನೂ ಒಂದು ಮಾತು. ಮುಂಬೈಯ ಕನ್ನಡ ಸಂಘಗಳಿಗೂ ತುಳುವರ ಸಂಘಗಳಿಗೂ ತಮ್ಮದೇ ಮಾಸಪತ್ರಿಕೆಗಳಿವೆ. ‘ಮೊಗವೀರ’, ‘ಅಕ್ಷಯ’, ‘ಬಂಟರವಾಣಿ’, ‘ನೇಸರು’ ಹೀಗೆ. ಕಾನೂನು ತಿಳಿಸಲು ಇವುಗಳಿಗಿಂತ ಒಳ್ಳೆಯ ವೇದಿಕೆ ಕನ್ನಡ ವಕೀಲರಿಗೆ ಇಲ್ಲ. ಪತ್ರಿಕೆ ಮನೆಗೆ ಬಂದರೆ ಅಜ್ಜಿಯೂ ಓದುತ್ತಾರೆ. ಆದರೆ ಸಂಘಗಳ ವಿಶೇಷಾಂಕ, ಸ್ಮರಣ ಸಂಚಿಕೆಗಳಿಗೆ ‘ಶುಭ ಕೋರುವವರು’ ಎಂದು ಭಾವಚಿತ್ರ, ‘ಹೈಕೋರ್ಟ್ ವಕೀಲರು’ ಎಂಬ ಬಿರುದು, ಮೊಬೈಲ್ ಸಂಖ್ಯೆ ಸಹಿತ ಪುಟ ಕೊಡುವ ರೂಢಿಯೂ ನಮ್ಮಲ್ಲಿದೆ. ಸಂಘಕ್ಕೆ ನೆರವಾಗುವ ಸದುದ್ದೇಶವೇ ಇರಬಹುದು, ಪುಟ ಮಾತ್ರ ಜಾಹೀರಾತು ವಿಭಾಗದ ಲೆಕ್ಕಕ್ಕೆ ಸೇರುತ್ತದೆ. ಅದೇ ದುಡ್ಡನ್ನು ಸುಮ್ಮನೆ ದೇಣಿಗೆ ಕೊಟ್ಟು, ಅದೇ ಸಂಚಿಕೆಗೆ ಎರಡು ಪುಟದ ಲೇಖನ ಬರೆದುಕೊಡಿ ಎನ್ನುತ್ತೇನೆ. ಲೇಖನದ ಕೊನೆಗೆ ಹೆಸರು, ಊರು ಸಾಕು.

ಜಾಲತಾಣದಲ್ಲಿ ‘ನಿಮ್ಮ ಸಮಸ್ಯೆಯನ್ನು ವಿವರವಾಗಿ ಬರೆಯಿರಿ’ ಎಂಬ ಅರ್ಜಿ ನಮೂನೆ ಇಡುವುದು ಮಾರ್ಕೆಟಿಂಗ್‌ನವರ ಅಚ್ಚುಮೆಚ್ಚಿನ ಸಲಹೆ. ವಕೀಲರಿಗೆ ಅದು ಅಪಾಯ. ಒಂದೇ ಸೊಸೈಟಿಯ ಕಾರ್ಯದರ್ಶಿ ಈಗಾಗಲೇ ನಿಮ್ಮ ಕಕ್ಷಿದಾರ, ಅವರ ಮೇಲೆ ದೂರು ಹೂಡಬೇಕೆಂದಿರುವ ಸದಸ್ಯ ರಾತ್ರಿ ಕೂತು ತನ್ನ ಕಥೆಯನ್ನೆಲ್ಲ ನಿಮಗೆ ಬರೆದು ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರಾಳಿಯ ಪರ ನಿಲ್ಲುವಂತಿಲ್ಲ ಎನ್ನುತ್ತದೆ 33ನೇ ನಿಯಮ. ಎದುರು ಪಕ್ಷದ ಗುಟ್ಟು ಕೈಗೆ ಬಂದ ಮೇಲೆ ನಿಮ್ಮ ಹಳೆಯ ಕಕ್ಷಿದಾರನ ಮುಂದೆ ಏನು ಹೇಳುತ್ತೀರಿ? ಹೆಸರು, ಫೋನ್ ಸಂಖ್ಯೆ, ಎದುರು ಪಕ್ಷದವರು ಯಾರು, ಇಷ್ಟನ್ನು ಮಾತ್ರ ಕೇಳಿ. ಕಥೆಯನ್ನು ಆಮೇಲೆ, ಕಚೇರಿಯಲ್ಲಿ ಕೇಳಬಹುದು.

ಎಲ್ಲಿಂದ ಆರಂಭಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ, ಕಕ್ಷಿದಾರರು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳಿಂದ. ಕಿರಿಯ ವಕೀಲರು ಅವನ್ನು ಒಂದು ತಿಂಗಳು ಡೈರಿಯಲ್ಲಿ ಬರೆದಿಡಲಿ, ಕಕ್ಷಿದಾರರು ಆಡಿದ ಮಾತಿನಲ್ಲೇ. ‘ಸೊಸೈಟಿಯಲ್ಲಿ ನನ್ನ ಹೆಸರು ನಾಮಿನಿ ಇದೆ, ಮನೆ ನನ್ನದಲ್ಲವೇ?’ ಎಂಬ ಪ್ರಶ್ನೆಯೇ ಲೇಖನದ ಶೀರ್ಷಿಕೆ. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ, ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು ಹೇಳಿದ್ದನ್ನು ಅಲ್ಲಿ ವಿವರಿಸಬಹುದು, ಸೊಸೈಟಿಯ ಫ್ಲ್ಯಾಟಿಗೆ ಸಹಕಾರ ಸಂಘಗಳ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು. ಇನ್ನೊಂದು ವಿಷಯವಂತೂ ಯಾರಾದರೂ ಬರೆಯಲಿ ಎಂದು ಕಾಯುತ್ತಿದೆ: ಮಾಟುಂಗದಲ್ಲಿ ಹೋಟೆಲು, ಉಡುಪಿಯ ಕಡೆ ಕುಟುಂಬದ ಜಮೀನು ಎರಡೂ ಇದ್ದವರು ಉಯಿಲು ಬರೆಯದೆ ತೀರಿಕೊಂಡರೆ ಏನಾಗುತ್ತದೆ? ತಾಯಿಯ ಕಡೆಯಿಂದ ವಾರಸು ಸಾಗುವ ಅಳಿಯಸಂತಾನ ಕಟ್ಟಿನ ಕುಟುಂಬದ ಅವಿಭಕ್ತ ಆಸ್ತಿಯಲ್ಲಿನ ಪಾಲು ಹೇಗೆ ಇಳಿಯುತ್ತದೆ ಎಂಬುದಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಪ್ರತ್ಯೇಕ ಉಪಸೆಕ್ಷನ್ನೇ ಇದೆ, ಉಳಿದ ವಾರಸಿನ ಮಾರ್ಪಾಡುಗಳು 17ರಲ್ಲಿವೆ. ಎರಡು ರಾಜ್ಯ, ಎರಡು ಬಗೆಯ ಆಸ್ತಿ, ಹೆಂಡತಿ ಮಕ್ಕಳು ಒಂದು ಕಡೆ, ಅಕ್ಕ ಮತ್ತು ಅಕ್ಕನ ಮಕ್ಕಳು ಇನ್ನೊಂದು ಕಡೆ. ಇದನ್ನು ಬರೆಯಲು ಮುಂಬೈಯ ಕೋರ್ಟೂ ಗೊತ್ತಿರಬೇಕು, ಕರಾವಳಿಯ ಮನೆತನಗಳ ಒಳಗೂ ಗೊತ್ತಿರಬೇಕು. ಅಂಥ ವಕೀಲರು ಫೋರ್ಟ್‌ನಲ್ಲಿಯೂ ಬಾಂದ್ರಾದಲ್ಲಿಯೂ ಕಚೇರಿ ಇಟ್ಟುಕೊಂಡು ಕೂತಿದ್ದಾರೆ.